ಖಾಲಿ ಎಂದು ಕಂಡ ಕೊಳ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಕ್ಯಾಥೆಡ್ರಲ್ ಸರೋವರಗಳಿಗೆ ಹೋಗುವ ಕಾಲುದಾರಿಯೊಂದಿದೆ. ಟುವಾಲಮಿ ಎಂಬ ಎತ್ತರದ ಹುಲ್ಲುಗಾವಲಿನಿಂದ ಬೆಳಿಗ್ಗೆ ಒಬ್ಬಂಟಿಯಾಗಿ ಹೊರಟವರು ಹೋಗಿಬರಲು ಸುಮಾರು 11 ಕಿ.ಮೀ. ನಡೆದು ಸಂಜೆಯೊಳಗೆ ಮರಳಬಹುದು. 1869ರಲ್ಲಿ ಕುರಿಮಂದೆಯ ಜೊತೆಗೆ ಈ ಸೀಮೆಗೆ ಬಂದಿದ್ದ ಜಾನ್ ಮ್ಯೂರ್, ಸರೋವರಗಳ ಮೇಲೆ ನಿಂತಿರುವ ಕ್ಯಾಥೆಡ್ರಲ್ ಶಿಖರವನ್ನು ಆ ವರ್ಷದ ಸೆಪ್ಟೆಂಬರಿನಲ್ಲಿ ಒಬ್ಬರೇ ಹತ್ತಿದ್ದರು.

ಸುಮಾರು 2,800 ಮೀಟರ್ ಎತ್ತರ, ಸುತ್ತ ಬೋಳು ಬಂಡೆ, ತಳ ಕಾಣುವ ಹಿಮದ ನೀರು. ಇಂಥ ಕೊಳದ ದಡದಲ್ಲಿ ಕುಳಿತ ಚಾರಣಿಗನಿಗೆ ‘ಇಲ್ಲಿ ಮನುಷ್ಯನ ಕೈ ಸೋಕಿಲ್ಲ’ ಎನ್ನಿಸುವುದು ಸಹಜ. ಆದರೆ ಕಣ್ಣು ಮೋಸಹೋಗುವುದು ಇಲ್ಲಿಯೇ. ನೀರು ತಿಳಿಯಾಗಿದೆ, ಅದರಲ್ಲಿರಬೇಕಾದ ಜೀವ ಇಲ್ಲವಾಗಿದೆ.

ಸಿಯೆರಾ ನೆವಾಡ ಪರ್ವತಶ್ರೇಣಿಯ ಎತ್ತರದ ಸರೋವರಗಳನ್ನು ಕೊರೆದದ್ದು ಹಿಮನದಿಗಳು. ಕೆಳಗಿನ ಕಡಿದಾದ ಜಲಪಾತಗಳನ್ನು ಏರಿ ಮೀನುಗಳು ಅಲ್ಲಿಗೆ ತಲುಪಲಾರದೆ ಹೋದವು. ಆದ್ದರಿಂದ ಬಹುತೇಕ ಕೊಳಗಳಲ್ಲಿ ಮೀನುಗಳೇ ಇರಲಿಲ್ಲ. ಅಲ್ಲಿ ನೆಲೆಸಿದ್ದುದು ಹಳದಿಗಾಲಿನ ಕಪ್ಪೆ. ಯೊಸೆಮಿಟಿಯ ಪ್ರಾಣಿಗಳ ಸಮೀಕ್ಷೆ ನಡೆಸಿದ ಜೋಸೆಫ್ ಗ್ರಿನೆಲ್ ಮತ್ತು ಟ್ರೇಸಿ ಸ್ಟೋರರ್ 1924ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ಸೀಮೆಯಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಉಭಯವಾಸಿ ಇದೇ ಎಂದು ದಾಖಲಿಸಿದ್ದಾರೆ. ಮುಂದೆ ಅದೇ ಕಪ್ಪೆ ತನ್ನ ಹಳೆಯ ನೆಲೆಗಳಲ್ಲಿ ಶೇ. 90ಕ್ಕೂ ಹೆಚ್ಚಿನ ಕಡೆ ಕಾಣದಾಯಿತು.

ಮೀನಿಲ್ಲದ ನೀರು ಮನುಷ್ಯನಿಗೆ ‘ಖಾಲಿ’ಯಾಗಿ ಕಂಡಿತು. ಗಾಳ ಹಾಕುವವರ ಸಂತೋಷಕ್ಕಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಹೇಸರಗತ್ತೆಗಳ ಮೇಲೆ ಟ್ರೌಟ್ ಮರಿಗಳನ್ನು ಹೊತ್ತು ತಂದು ಬಿಡಲಾಯಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ವಿಮಾನದಿಂದಲೇ ಸುರಿಯಲಾಯಿತು. ಆ ತಂಪು ಸೀಮೆಯಲ್ಲಿ ಗೊದಮೊಟ್ಟೆ ಕಪ್ಪೆಯಾಗಲು ಎರಡರಿಂದ ನಾಲ್ಕು ವರ್ಷ ಬೇಕು. ಬೇಸಿಗೆಯಲ್ಲಿ ಬತ್ತದ, ಚಳಿಗಾಲದಲ್ಲಿ ತಳದವರೆಗೆ ಹೆಪ್ಪುಗಟ್ಟದ ಆಳದ ಕೊಳವೇ ಅದಕ್ಕೆ ಆಸರೆ. ಟ್ರೌಟ್ ಬದುಕುವುದೂ ಅಂಥ ಕೊಳದಲ್ಲಿಯೇ. ಗೊದಮೊಟ್ಟೆಗೆ ಅಡಗಲು ಬೇರೆ ಜಾಗವಿಲ್ಲದಾಯಿತು. ಉಳಿದ ಕಪ್ಪೆಗಳ ಮೇಲೆ ಕೈಟ್ರಿಡ್ ಎಂಬ ಶಿಲೀಂಧ್ರ ರೋಗವೂ ಎರಗಿತು. 2014ರಲ್ಲಿ ಅಮೆರಿಕ ಸರ್ಕಾರ ಈ ಕಪ್ಪೆಯನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಕತೆ ಇಲ್ಲಿಗೇ ಮುಗಿದಿಲ್ಲ ಎಂಬುದು ಸಮಾಧಾನದ ಸಂಗತಿ. ಯೊಸೆಮಿಟಿಯಲ್ಲಿ ಮೀನು ಬಿಡುವುದು 1991ರಲ್ಲಿ ನಿಂತಿತು. ನೆರೆಯ ಕಿಂಗ್ಸ್ ಕ್ಯಾನ್ಯನ್ ಉದ್ಯಾನದಲ್ಲಿ ಕೆಲವು ಕೊಳಗಳಿಂದ ಟ್ರೌಟ್ ತೆಗೆದಾಗ ಕಪ್ಪೆಗಳು ಕೆಲವೇ ವರ್ಷಗಳಲ್ಲಿ ಹೆಚ್ಚಿದುದನ್ನು ವಿಜ್ಞಾನಿ ವ್ಯಾನ್ಸ್ ವ್ರೆಡೆನ್‌ಬರ್ಗ್ 2004ರಲ್ಲಿ ವರದಿ ಮಾಡಿದರು. ಆಮೇಲೆ ರೋಗವು ಅಲ್ಲಿಯೂ ಬಹಳಷ್ಟು ಕಪ್ಪೆಗಳನ್ನು ಕೊಂದಿತು. ಆದರೂ ಯೊಸೆಮಿಟಿಯ 20 ವರ್ಷಗಳ ಎಣಿಕೆಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿ ಕಪ್ಪೆಗಳ ಸಂಖ್ಯೆ ಏಳು ಪಟ್ಟಾಗಿರುವುದನ್ನು ತೋರಿಸಿತು. ಮೀನು ಬಿಡುವುದು ನಿಂತದ್ದೂ, ರೋಗವನ್ನು ತಾಳಿಕೊಳ್ಳುವ ಶಕ್ತಿ ಬೆಳೆದದ್ದೂ ಇದಕ್ಕೆ ಕಾರಣವೆಂದು ವಿಜ್ಞಾನಿಗಳ ಅಭಿಪ್ರಾಯ. ಮಾಡಿದ ತಪ್ಪನ್ನು ನಿಲ್ಲಿಸಿದರೆ ಪ್ರಕೃತಿ ತನ್ನ ಪಾಲಿನ ಕೆಲಸವನ್ನು ಮಾಡುತ್ತದೆ. ಆದರೆ ಮರಳಿ ಬರಲು ಎಲ್ಲಿಯಾದರೂ ಕೆಲವು ಜೀವಗಳು ಉಳಿದಿರಬೇಕು.

‘ಖಾಲಿ’ ಎಂಬ ಮಾತಿನ ಅಪಾಯ ಮಲೆನಾಡಿಗೂ ಹೊಸದಲ್ಲ. ನೆತ್ತಿಯ ಹುಲ್ಲುಗಾವಲು ಪಾಳು ಬಿದ್ದಿದೆ ಎಂದು ಭಾವಿಸಿ ಅಕೇಶಿಯ, ನೀಲಗಿರಿ ನೆಟ್ಟ ಗುಡ್ಡಗಳು ಕಣ್ಣೆದುರಿಗೇ ಇವೆ. ನೀರಿನ ವಿಷಯದಲ್ಲಿಯೂ ಅದೇ ಆಗುತ್ತಿದೆ. ಸೊಳ್ಳೆಮರಿ ತಿನ್ನಲೆಂದು ಬಿಡುವ ಗ್ಯಾಂಬೂಸಿಯ ಮೀನು ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಆಫ್ರಿಕದ ಕ್ಯಾಟ್‌ಫಿಷ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದ್ದರೂ ಅದನ್ನು ಗುಟ್ಟಾಗಿ ಸಾಕುವವರಿದ್ದಾರೆ. ಮಳೆಗಾಲದಲ್ಲಿ ಹೊಂಡ ತುಂಬಿ ಹರಿದರೆ ಅದು ಹಳ್ಳ ಸೇರುವುದನ್ನು ತಡೆಯುವವರಿಲ್ಲ. ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ, ಹಿಂಗಾಲು ಚಾಚಿ ಸಂಜ್ಞೆ ಮಾಡುವ ಪುಟ್ಟ ಕಪ್ಪೆ ಬದುಕುವುದು ಇಂಥ ಮಲೆಯ ತೊರೆಗಳಲ್ಲಿಯೇ. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಅದಕ್ಕೆ ಭೂಮಿಯಲ್ಲಿ ಬೇರೆ ನೆಲೆಯಿಲ್ಲ.

ಗುಂಪಿನಲ್ಲಿ ಹೋದವರಿಗೆ ಶಿಖರ ಮುಟ್ಟುವ ಅವಸರವಿರುತ್ತದೆ. ಒಬ್ಬಂಟಿಯಾಗಿ ನಡೆಯುವವರಿಗೆ ಕೂರಲು, ಕೇಳಲು ಬಿಡುವಿದೆ. ಬೆಟ್ಟ ಹತ್ತುವ ವಿದ್ಯಾರ್ಥಿಗಳು ದಾರಿಯ ಹಳ್ಳದ ಬಳಿ ಅರ್ಧ ಗಂಟೆ ಕುಳಿತು, ಅಲ್ಲಿ ಯಾವ ಕಪ್ಪೆ ಕೂಗುತ್ತಿದೆ, ಗೊದಮೊಟ್ಟೆ ಇದೆಯೇ, ಹೊಸ ಮೀನು ಸೇರಿದೆಯೇ ಎಂದು ತಾರೀಖು ಸಹಿತ ಬರೆದಿಡಲಿ. ಗ್ರಿನೆಲ್ ಮತ್ತು ಸ್ಟೋರರ್ ಬರೆದಿಡದಿದ್ದರೆ ಏನು ಕಳೆದುಹೋಯಿತೆಂಬುದೇ ಮುಂದಿನವರಿಗೆ ತಿಳಿಯುತ್ತಿರಲಿಲ್ಲ. ಊರಿನವರು ಹೊರಗಿನ ಮೀನನ್ನು ಕೆರೆಗಾಗಲಿ ಹಳ್ಳಕ್ಕಾಗಲಿ ಬಿಡದಿರಲಿ, ಬಿಡಗೊಡದಿರಲಿ. ಖಾಲಿ ಎನ್ನುವ ಮೊದಲು ಅಲ್ಲಿ ಯಾರಿದ್ದಾರೆಂದು ನೋಡುವುದು ಬೆಟ್ಟಕ್ಕೆ ಹೋದವರ ಮೊದಲ ಕರ್ತವ್ಯ.