ಬಗ್ಗಿದರೆ ವೇಗ, ಆದರೆ ಎಷ್ಟು ಬಗ್ಗಬೇಕು?

1989ರ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಕೊನೆಯ ದಿನ, ಒಬ್ಬೊಬ್ಬರಾಗಿ ಸಮಯದೊಡನೆ ಸೆಣಸುವ 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಗ್ರೆಗ್ ಲೆಮಾಂಡ್ ಮುಂಚಾಚಿದ ಹ್ಯಾಂಡಲ್ ಮೇಲೆ ಮೊಣಕೈ ಊರಿ, ಬೆನ್ನು ಬಗ್ಗಿಸಿ ತುಳಿದರು. 50 ಸೆಕೆಂಡುಗಳ ಹಿನ್ನಡೆ ನೀಗಿಸಿಕೊಂಡು, ಒಟ್ಟಾರೆ 8 ಸೆಕೆಂಡುಗಳಿಂದ ಗೆದ್ದರು. ಸಮತಟ್ಟಾದ ರಸ್ತೆಯಲ್ಲಿ ವೇಗಕ್ಕೆ ದೊಡ್ಡ ಅಡ್ಡಿ ಗಾಳಿ. ಬಗ್ಗಿದರೆ ಲಾಭವಿದೆ, ನಿಜ.

ಆದರೆ ಹವ್ಯಾಸಿಗಳು ಒಂದೇ ದಿನದಲ್ಲಿ ಹ್ಯಾಂಡಲ್ ತಗ್ಗಿಸುವುದು ಸಲ್ಲದು. ಮೊದಲು ಸೀಟಿನ ಎತ್ತರ ನೋಡಿ: ಪೆಡಲ್ ತೀರ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಮೇಲೆ ವಾರಗಳ ಅಂತರದಲ್ಲಿ ಹ್ಯಾಂಡಲನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿ. ಬೆರಳುಗಳ ಜೋಮು, ತೊಡೆಸಂದಿನ ಮರಗಟ್ಟುವಿಕೆ ನರ ಒತ್ತಿದ ಸೂಚನೆ. 'ಅಭ್ಯಾಸವಾಗುತ್ತದೆ' ಎಂದು ಸಹಿಸಬಾರದು. ಹುಡುಗರು ಸಂಕೋಚದಿಂದ ಹೇಳದಿದ್ದರೆ ಹಿರಿಯರೇ ಕೇಳಬೇಕು. ರಸ್ತೆ ಕಾಣದಷ್ಟು ತಲೆ ತಗ್ಗಿಸುವುದಂತೂ ಕೂಡದು. ಗುರಿಯವರೆಗೂ ನೋವಿಲ್ಲದೆ ಹಿಡಿದಿಡಬಲ್ಲ ಭಂಗಿಯೇ ನಿಮ್ಮ ಪಾಲಿನ ವೇಗದ ಭಂಗಿ.