ನ್ಯಾನೊ ವಿಜ್ಞಾನಕ್ಕೆ ಪೀಣ್ಯದ ಪರೀಕ್ಷೆ

ಟಿ. ದಾಸರಹಳ್ಳಿಯ ಒಂದು ಮಗ್ಗುಲಿಗೆ ಪೀಣ್ಯದ ಕಾರ್ಖಾನೆಗಳಿವೆ. ಇನ್ನೊಂದು ಮಗ್ಗುಲಿಗೆ ಜಾಲಹಳ್ಳಿ. ಲೋಹಕ್ಕೆ ಹೊಳಪಿನ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯದಿಂದ ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಬೆರೆತಿರುವುದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಜಾಲಹಳ್ಳಿಯಲ್ಲಿ ದ್ರವ ಹರಳುಗಳ ವಿಜ್ಞಾನಿ ಎಸ್. ಚಂದ್ರಶೇಖರ್ ಅವರು ಬಿಇಎಲ್ ನೆರವಿನೊಂದಿಗೆ 1991ರಲ್ಲಿ ಆರಂಭಿಸಿದ ಸಂಶೋಧನಾ ಸಂಸ್ಥೆಯು 2014ರಲ್ಲಿ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವಾಯಿತು. ಈಗ ಅದು ತುಮಕೂರು ರಸ್ತೆ ಕಡೆಯ ಶಿವನಪುರದಲ್ಲಿದೆ. ನೀರಿಗೆ ಸೇರಿದ ವಿಷವೂ ಅದನ್ನು ಕಳೆಯಬಲ್ಲ ವಿದ್ಯೆಯೂ ಇಷ್ಟು ಸಮೀಪದಲ್ಲಿರುವಾಗ, ಆ ವಿದ್ಯೆ ಇಲ್ಲಿನ ಜನರಿಗೆ ಎಷ್ಟರಮಟ್ಟಿಗೆ ಒದಗಿದೆ ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೊಮೀಟರ್. ವಸ್ತುವನ್ನು ಆ ಪ್ರಮಾಣಕ್ಕೆ ಇಳಿಸಿದಾಗ ಅದರ ಹೊರಮೈ ಅಪಾರವಾಗಿ ಹಿಗ್ಗುತ್ತದೆ, ಗುಣವೂ ಬದಲಾಗುತ್ತದೆ. ಗಟ್ಟಿ ಚಿನ್ನ ಯಾವುದರೊಂದಿಗೂ ಸುಲಭವಾಗಿ ವರ್ತಿಸದು. ಅದರ ನ್ಯಾನೊ ಕಣಗಳಾದರೋ ವಿಷಾನಿಲವಾದ ಕಾರ್ಬನ್ ಮೋನಾಕ್ಸೈಡನ್ನು ಉತ್ಕರ್ಷಿಸುವ ಸಮರ್ಥ ವೇಗವರ್ಧಕಗಳು ಎಂಬುದನ್ನು ಜಪಾನಿನ ವಿಜ್ಞಾನಿ ಮಸಟಾಕೆ ಹರುಟ 1987ರಲ್ಲಿ ತೋರಿಸಿಕೊಟ್ಟರು. ಜೀವಶಾಸ್ತ್ರಕ್ಕೂ ಈ ವಿದ್ಯೆ ಹಬ್ಬಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಮತ್ತು ಸಂಗಡಿಗರು ವೆನೇಡಿಯಂ ಪೆಂಟಾಕ್ಸೈಡಿನ ನ್ಯಾನೊ ತಂತಿಗಳು ದೇಹದ ಕಿಣ್ವವೊಂದರಂತೆ ಕೆಲಸ ಮಾಡಿ, ಜೀವಕೋಶಗಳನ್ನು ಉತ್ಕರ್ಷಣದ ಹಾನಿಯಿಂದ ಕಾಪಾಡಬಲ್ಲವು ಎಂದು 2014ರಲ್ಲಿ ಪ್ರಕಟಿಸಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸೆಬಾಸ್ಟಿಯನ್ ಪೀಟರ್ ನೇತೃತ್ವದ ತಂಡ, ಇಂಗಾಲದ ಡೈಆಕ್ಸೈಡನ್ನು ವೇಗವರ್ಧಕದ ನೆರವಿನಿಂದ ಮೆಥನಾಲ್ ಆಗಿಸುವ ಯತ್ನಕ್ಕಾಗಿ 2018ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೊಂದರ ಅಂತಿಮ ಹಂತ ತಲುಪಿತ್ತು. ಬೆಂಗಳೂರಿನ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ.

ಆದರೆ ಇದೇ ವೆನೇಡಿಯಂ ನಮಗೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಗಟ್ಟಿ ಪುಡಿಯ ರೂಪದಲ್ಲಿ ಈ ಆಕ್ಸೈಡ್ ವಿಷಕಾರಿ. ತಂತಿಯ ರೂಪದಲ್ಲಿ ರಕ್ಷಕ. ಕ್ರೋಮಿಯಮ್ಮಿನದೂ ಅದೇ ಕಥೆ. ಹೆಕ್ಸಾವೆಲೆಂಟ್ ರೂಪದಲ್ಲಿ ಅದು ಕ್ಯಾನ್ಸರ್ ತರಬಲ್ಲದು. ಟ್ರೈವೆಲೆಂಟ್ ರೂಪಕ್ಕೆ ತಂದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಹೀಗಿರುವಾಗ ವಸ್ತುವಿನ ಹೆಸರು ನೋಡಿ ಸುರಕ್ಷಿತವೆಂದೋ ಅಪಾಯಕಾರಿಯೆಂದೋ ತೀರ್ಪು ಕೊಡಲಾಗದು. ರೂಪ, ಗಾತ್ರ, ಪ್ರಮಾಣ ಇವಿಷ್ಟನ್ನೂ ಪರೀಕ್ಷಿಸಬೇಕಾಗುತ್ತದೆ. ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಕಣಗಳನ್ನು ಕಾರ್ಖಾನೆಯೊಳಗೆ ತರುವಾಗ ಈ ವಿವೇಕ ಇನ್ನೂ ಮುಖ್ಯ.

ಕೇಂದ್ರ ಸರ್ಕಾರ 2007ರಲ್ಲಿ ಐದು ವರ್ಷಕ್ಕೆ 1,000 ಕೋಟಿ ರೂಪಾಯಿಯ ನ್ಯಾನೊ ಮಿಷನ್‌ಗೆ ಒಪ್ಪಿಗೆ ನೀಡಿತು. ಕನ್ನಡಿಗರೇ ಆದ ಸಿ.ಎನ್.ಆರ್. ರಾವ್ ಅದರ ಮಂಡಳಿಯ ಚುಕ್ಕಾಣಿ ಹಿಡಿದರು. ನ್ಯಾನೊ ಔಷಧಗಳಿಗೆ 2019ರಲ್ಲಿ, ಕೃಷಿಯಲ್ಲಿ ಬಳಸುವ ನ್ಯಾನೊ ಉತ್ಪನ್ನಗಳಿಗೆ 2020ರಲ್ಲಿ ಮೌಲ್ಯಮಾಪನದ ಮಾರ್ಗಸೂಚಿಗಳು ಬಂದವು. ಇವೆಲ್ಲ ಸ್ವಾಗತಾರ್ಹ. ಪ್ರಯೋಗಾಲಯ ಹಾಗೂ ಉದ್ಯಮಗಳಲ್ಲಿ ಈ ವಸ್ತುಗಳನ್ನು ಸುರಕ್ಷಿತವಾಗಿ ನಿರ್ವಹಿಸುವ ಬಗೆಗೂ ಮಾರ್ಗಸೂಚಿ ಸಿದ್ಧವಾಗಿದೆ. ಆದರೆ ಹತ್ತಿಪ್ಪತ್ತು ಜನ ದುಡಿಯುವ ಪೀಣ್ಯದ ಶೆಡ್ಡಿಗೆ ಅದನ್ನು ತಲುಪಿಸುವವರು ಯಾರು? ಮುಖಗವಸು, ಗಾಳಿಯ ವ್ಯವಸ್ಥೆ, ಬಳಸಿ ಬಿಸಾಡಿದ ವೇಗವರ್ಧಕದ ವಿಲೇವಾರಿ ಇವುಗಳ ಹೊಣೆ ಮಾಲೀಕನದೋ ಇಲಾಖೆಯದೋ ಎಂಬುದು ಕಾರ್ಮಿಕನಿಗೆ ಅವನ ಭಾಷೆಯಲ್ಲಿ ತಿಳಿದಿರಬೇಕು.

ಕ್ರೋಮಿಯಂ ಸಮಸ್ಯೆಗೆ ವಿಜ್ಞಾನದ ಬಳಿ ಉತ್ತರಗಳಿಲ್ಲದೆ ಇಲ್ಲ. ಫಾರ್ಮಿಕ್ ಆಮ್ಲದ ಜೊತೆ ಪಲೇಡಿಯಂ ನ್ಯಾನೊ ಕಣಗಳನ್ನು ಬಳಸಿ ಹೆಕ್ಸಾವೆಲೆಂಟ್ ಕ್ರೋಮಿಯಂನ ಅಪಾಯ ತಗ್ಗಿಸುವ ಕ್ರಿಯೆ ಪ್ರಯೋಗಾಲಯಗಳಿಗೆ ಚಿರಪರಿಚಿತ. ಕಬ್ಬಿಣದ ನ್ಯಾನೊ ಕಣಗಳನ್ನು ಅಮೆರಿಕ ಮತ್ತು ಯುರೋಪಿನ ಮಲಿನ ಭೂಮಿಯಲ್ಲಿ ಪ್ರಯೋಗಿಸಿ ನೋಡಲಾಗಿದೆ. ಮದ್ರಾಸ್ ಐಐಟಿಯ ಟಿ. ಪ್ರದೀಪ್ ತಂಡ ನ್ಯಾನೊ ವಸ್ತುಗಳಿಂದ ಆರ್ಸೆನಿಕ್ ಸೋಸುವ ಅಗ್ಗದ ವಿಧಾನವನ್ನು ಹಳ್ಳಿಗಳವರೆಗೆ ಕೊಂಡೊಯ್ದಿದೆ. ಪಲೇಡಿಯಂ ದುಬಾರಿ ಲೋಹ. ಶುದ್ಧ ನೀರಿನಲ್ಲಿ ಗೆದ್ದ ಕಣಗಳು ಎಣ್ಣೆ, ಉಪ್ಪು, ಸಾಬೂನು ತುಂಬಿದ ತ್ಯಾಜ್ಯದಲ್ಲಿ ಸೋಲಬಹುದು. ಹಾಗೆಂದೇ ಪರೀಕ್ಷೆ ನಡೆಯಬೇಕಾದದ್ದು ಪೀಣ್ಯದಲ್ಲಿಯೇ.

ರಾಜ್ಯ ಸರ್ಕಾರ, ಮಾಲಿನ್ಯ ನಿಯಂತ್ರಣ ಮಂಡಳಿ ಹಾಗೂ ನಗರದ ಸಂಶೋಧನಾ ಸಂಸ್ಥೆಗಳು ಕೂಡಿ ಇಲ್ಲೊಂದು ಪ್ರಾಯೋಗಿಕ ಶುದ್ಧೀಕರಣ ಘಟಕ ಸ್ಥಾಪಿಸಲಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಕೊಳವೆಬಾವಿಗಳ ನೀರು ಆ ಮಿತಿಯೊಳಗೆ ಬಂತೇ, ನೀರಿನಲ್ಲಿ ನ್ಯಾನೊ ಕಣಗಳು ಉಳಿದವೇ ಎಂಬ ಎರಡೂ ಲೆಕ್ಕಗಳು ಸಾರ್ವಜನಿಕರಿಗೆ ದೊರೆಯಲಿ. ಸಣ್ಣ ಘಟಕಗಳಿಗೆ ಕೈಗೆಟಕುವ ದರದಲ್ಲಿ ಪರೀಕ್ಷಾ ಸೌಲಭ್ಯ ಸಿಗಲಿ. ಈ ನೆಪದಲ್ಲಿ ತ್ಯಾಜ್ಯವನ್ನು ಚರಂಡಿಗೆ ಬಿಡುವವರಿಗೆ ರಿಯಾಯಿತಿ ಸಲ್ಲದು. ವಿಷ ಹರಿಯದಂತೆ ತಡೆಯುವುದೇ ಎಂದಿಗೂ ಮೊದಲ ಮದ್ದು.

ನ್ಯಾನೊ ಸಮ್ಮೇಳನಗಳನ್ನು 2007ರಿಂದಲೂ ಕಾಣುತ್ತ ಬಂದ ನಗರವಿದು. ಆ ವೇದಿಕೆಗಳಲ್ಲಿ ಪಡೆದ ಕೀರ್ತಿಯ ಒಂದು ಪಾಲಾದರೂ ದಾಸರಹಳ್ಳಿಯ ನಲ್ಲಿ, ಕೊಳವೆಬಾವಿಗಳಲ್ಲಿ ಕಾಣಿಸುವಂತಾಗಬೇಕು. ಸರ್ಕಾರ ಇನ್ನು ತಡಮಾಡಬಾರದು.