ಮೂಟೆಯ ಮೇಲಿನ ಪ್ರಯಾಣ

2025ನೆಯ ಇಸವಿ ಜನವರಿ 22ರ ನಸುಕಿನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು ತರಕಾರಿಗಳನ್ನು ಹೇರಿಕೊಂಡು ಹೊರಟಿದ್ದ ಲಾರಿಯೊಂದು ಯಲ್ಲಾಪುರದ ಸಮೀಪ ಅರೆಬೈಲು ಘಟ್ಟದಲ್ಲಿ ಉರುಳಿ ಕಂದಕಕ್ಕೆ ಬಿದ್ದಿತು. ಸರಕಿನೊಡನೆ ಹೊರಟಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ಮಡಿದರು. ಆ ಒಂದು ದುರ್ಘಟನೆಯ ಹೊಣೆಯನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಇಂತಹ ವಾರ್ತೆಗಳಲ್ಲೆಲ್ಲ ‘ಚಾಲಕನ ಹತೋಟಿ ತಪ್ಪಿ’ ಎಂಬ ಒಂದೇ ಮಾತನ್ನು ಓದಿ ಪತ್ರಿಕೆಯನ್ನು ಮಡಿಸಿಡುವ ನಾವು, ವಾಹನವು ಉರುಳುವುದೇಕೆ, ಉರುಳಿದ ಮೇಲೆ ನೊಂದವರಿಗೆ ದಿಕ್ಕು ಯಾರು ಎಂಬೆರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅವಶ್ಯ.

ಮೊದಲನೆಯ ಪ್ರಶ್ನೆಗೆ ಉತ್ತರ ನಮ್ಮ ರೈತನಿಗೆ ಹೊಸದಲ್ಲ. ಬಂಡಿಯ ತುಂಬ ಹುಲ್ಲು ಹೇರಿ ಓರೆದಾರಿಯಲ್ಲಿ ಹೊಡೆಯುವಾಗ ಅವನು ಇಳಿದು ಪಕ್ಕಕ್ಕೆ ಹೆಗಲು ಕೊಡುತ್ತಾನೆ. ಭಾರವು ಮೇಲೇರಿದಷ್ಟೂ ಬಂಡಿ ಮಗುಚುವುದು ಸುಲಭವೆಂದು ಅವನು ಬಲ್ಲನು. ವಾಹನವು ತಿರುವಿನಲ್ಲಿ ಸಾಗುವಾಗ ಗಾಲಿಗಳು ನೆಲವನ್ನು ಹಿಡಿದು ತಿರುಗುತ್ತವೆ. ಮೇಲಿನ ಭಾರವಾದರೋ ನೇರವಾಗಿಯೇ ಹೋಗಲು ಹವಣಿಸುತ್ತದೆ. ಈ ಸೆಣಸಾಟದಲ್ಲಿ ಗೆಲ್ಲುವವರಾರೆಂಬುದನ್ನು ಎರಡು ಅಳತೆಗಳು ನಿರ್ಧರಿಸುತ್ತವೆ: ಎಡಬಲ ಗಾಲಿಗಳ ನಡುವಣ ಅಂತರದ ಅರ್ಧ, ಮತ್ತು ಗುರುತ್ವಕೇಂದ್ರದ ಎತ್ತರ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆಯು ಕಿರಿದಾದಷ್ಟೂ ಅಪಾಯ ಹಿರಿದು. ಅಮೆರಿಕದ ರಸ್ತೆ ಸುರಕ್ಷಾ ಇಲಾಖೆಯು ಈ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡು 2001ರಿಂದ ಕಾರುಗಳಿಗೆ ದರ್ಜೆ ಕೊಡತೊಡಗಿತು.

ಒಂದು ಲೆಕ್ಕವನ್ನು ನೋಡೋಣ. ಗಾಲಿಗಳ ಅಂತರ 1.9 ಮೀಟರು, ಗುರುತ್ವಕೇಂದ್ರದ ಎತ್ತರವೂ 1.9 ಮೀಟರು ಇರುವಂತೆ ಮೂಟೆಗಳನ್ನು ಪೇರಿಸಿದ ಲಾರಿಯೊಂದಿದೆ ಎನ್ನೋಣ. ಆಗ ನಮ್ಮ ಸಂಖ್ಯೆ ಅರ್ಧ. 40 ಮೀಟರು ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಅದು ಗಂಟೆಗೆ ಸುಮಾರು 50 ಕಿಲೋಮೀಟರು ವೇಗದಲ್ಲಿ ಉರುಳುವುದು. 15 ಮೀಟರು ತ್ರಿಜ್ಯದ ಘಟ್ಟದ ತಿರುವಿನಲ್ಲಿ 31 ಕಿಲೋಮೀಟರು ಸಾಕು. ವಾಸ್ತವದಲ್ಲಿ ಇದಕ್ಕೂ ಕಡಿಮೆಯೇ ಸಾಕಾಗುತ್ತದೆ. ಏಕೆಂದರೆ ಸ್ಪ್ರಿಂಗುಗಳು ಬಾಗುತ್ತವೆ, ಮೂಟೆಗಳು ಜರುಗುತ್ತವೆ, ಮೇಲೆ ಕುಳಿತವರು ವಾಲುತ್ತಾರೆ. ಅಂಚಿನ ಸಡಿಲ ಮಣ್ಣಿಗೆ ಗಾಲಿ ಇಳಿದರೆ ಎಡವಿದವನಂತೆ ವಾಹನವು ಮುಗ್ಗರಿಸುತ್ತದೆ. ಅದೇ ಲಾರಿಯಲ್ಲಿ ಸರಕನ್ನು ತಗ್ಗಾಗಿ ಹರಡಿ ಗುರುತ್ವಕೇಂದ್ರವನ್ನು 1.3 ಮೀಟರಿಗೆ ಇಳಿಸಿದರೆ 40 ಮೀಟರಿನ ತಿರುವಿನಲ್ಲಿ ಸುಮಾರು 60 ಕಿಲೋಮೀಟರಿನವರೆಗೆ ತಾಳಿಕೊಂಡೀತು. ಹೀಗಿರುವಾಗ ತಪ್ಪು ಘಟ್ಟದಲ್ಲಿ ಕಾಣಿಸಿಕೊಂಡರೂ ಎಷ್ಟೋ ವೇಳೆ ಅದು ಹುಟ್ಟುವುದು ಸರಕು ಹೇರುವ ಅಂಗಳದಲ್ಲಿಯೇ. ಅಪಘಾತದ ಕಡತದಲ್ಲಿ ಚಾಲಕನ ಹೇಳಿಕೆಯೊಡನೆ ಸರಕಿನ ಎತ್ತರ, ತಿರುವಿನ ತ್ರಿಜ್ಯ, ರಸ್ತೆಯಂಚಿನ ಸ್ಥಿತಿಗಳೂ ದಾಖಲಾಗಬೇಕೆಂಬುದು ನಮ್ಮ ಮೊದಲನೆಯ ಆಗ್ರಹ.

ಇನ್ನು ನೊಂದವರ ಮಾತು. 1988ರ ಮೋಟಾರು ವಾಹನ ಕಾಯಿದೆಯ 166ನೆಯ ವಿಧಿಯಂತೆ ಪರಿಹಾರಕ್ಕಾಗಿ ಅರ್ಜಿ ಸಲ್ಲಿಸಬಹುದು. ಅಪಘಾತ ನಡೆದ ಊರಿಗೇ ಅಲೆಯಬೇಕಾಗಿಲ್ಲ. ತಾವು ವಾಸಿಸುವ ಪ್ರದೇಶದ ನ್ಯಾಯಮಂಡಲಿಯ ಮುಂದೆಯೂ ಹೋಗಬಹುದು. 2019ರ ತಿದ್ದುಪಡಿಯು ಆರು ತಿಂಗಳ ಗಡುವನ್ನು ಹಾಕಿರುವುದರಿಂದ ಕಾಲಹರಣ ಸಲ್ಲದು. 164ನೆಯ ವಿಧಿಯಂತೆ ಯಾರ ತಪ್ಪೆಂದು ಸಿದ್ಧಪಡಿಸದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ದೊರೆಯುವುದುಂಟು. ಆದರೆ ಇದನ್ನು ಸ್ವೀಕರಿಸಿದವರ 166ರ ಅರ್ಜಿ ಅಲ್ಲಿಗೇ ಮುಗಿಯುವುದರಿಂದ ವಕೀಲರನ್ನು ವಿಚಾರಿಸಿಯೇ ಸಹಿ ಮಾಡಬೇಕು. ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಕಡಿಮೆ ವರಮಾನದವರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯು ಶುಲ್ಕವಿಲ್ಲದೆ ವಕೀಲರನ್ನು ಒದಗಿಸುತ್ತದೆ.

ಆದರೂ ಒಂದು ದೊಡ್ಡ ಬಿರುಕು ಉಳಿದಿದೆ. ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿ ಬಂದವರಿಗೆ ವಿಮೆಯ ರಕ್ಷೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ನಿರ್ಣಯಿಸಿತು. ಸರಕಿನ ಒಡೆಯನಿಗೆ ಕಾಯಿದೆಯು ರಕ್ಷೆ ಕೊಟ್ಟಿದ್ದರೂ, ಅವನು ಚಾಲಕನ ಕೋಣೆಯಲ್ಲಿ ಕುಳಿತಿರಬೇಕೆಂದು 2007ರ ಮತ್ತೊಂದು ತೀರ್ಪು ಹೇಳಿತು. ವಿಚಿತ್ರವನ್ನು ವಾಚಕರು ಗಮನಿಸಬೇಕು: ಮೂಟೆಯ ಮೇಲೆ ಕುಳಿತವನನ್ನು ಭೌತವಿಜ್ಞಾನವು ಎಲ್ಲರಿಗಿಂತ ಮೊದಲು ಎಸೆಯುತ್ತದೆ, ಕಾನೂನೂ ಅವನನ್ನೇ ಮೊದಲು ಕೈಬಿಡುತ್ತದೆ!

ಕಂತು ಕಟ್ಟದ ಪ್ರಯಾಣಿಕನ ಹೊಣೆ ನಮಗೇಕೆಂದು ವಿಮಾ ಸಂಸ್ಥೆಗಳು ಕೇಳುವುದರಲ್ಲಿ ನ್ಯಾಯವಿಲ್ಲದಿಲ್ಲ. ಸರಕಿನ ಮೇಲೆ ಜನರನ್ನು ಕೂರಿಸುವುದು ತಪ್ಪೆಂಬುದನ್ನೂ ನಾವು ಒಪ್ಪುತ್ತೇವೆ. ಆದರೆ ತಪ್ಪು ಮಾಡಿದವನು ವಾಹನದ ಮಾಲೀಕ. ದಂಡ ತೆರುವುದು ಸತ್ತವನ ಮಕ್ಕಳು. ವಿಮಾ ಸಂಸ್ಥೆಯು ಮೊದಲು ಪರಿಹಾರವನ್ನು ಕೊಟ್ಟು ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲೆಂದು ಅದೇ ನ್ಯಾಯಾಲಯವು 2004ರ ಪ್ರಕರಣವೊಂದರಲ್ಲಿ ಆದೇಶಿಸಿದುದುಂಟು. ನ್ಯಾಯಾಧೀಶರ ದಯೆಯಾಗಿ ಅಲ್ಲೊಮ್ಮೆ ಇಲ್ಲೊಮ್ಮೆ ದೊರೆಯುವ ಈ ಏರ್ಪಾಡು ಕಾಯಿದೆಯ ಮಾತಾಗಿಯೇ ನಿಲ್ಲಬೇಕು.

ಸಂತೆಗೆ ಹೋಗುವವನು ಮೂಟೆಯೇರುವುದು ವಿನೋದಕ್ಕಲ್ಲ. ಸರಕನ್ನೂ ತನ್ನನ್ನೂ ಒಟ್ಟಿಗೆ ಒಯ್ಯುವ ಬೇರೆ ವಾಹನ ಅವನಿಗಿಲ್ಲ. ಸಂತೆಯ ದಾರಿಗಳಲ್ಲಿ ತಗ್ಗಾದ ಸರಕಿನ ಅಂಕಣವೂ ಭದ್ರವಾದ ಆಸನಗಳೂ ಉಳ್ಳ ವಾಹನಗಳು ಓಡುವಂತಾದರೆ ನ್ಯಾಯಮಂಡಲಿಗಳ ಕೆಲಸವೂ ಹಗುರವಾದೀತು. ಅಲ್ಲಿಯವರೆಗೆ, ಹೇರುವವನು ತಗ್ಗಾಗಿ ಹೇರಲಿ, ನಡೆಸುವವನು ತಿರುವಿಗೆ ಮುನ್ನವೇ ವೇಗವನ್ನಿಳಿಸಲಿ, ಕಾನೂನು ಮೂಟೆಯ ಮೇಲಿನವನನ್ನೂ ಮನುಷ್ಯನೆಂದು ಎಣಿಸಲಿ.